ಸುಂಕದ ಪಟ್ಟಿಯಲ್ಲಿ ರೈಲು ಹಳಿ



ಈ ಉಪನ್ಯಾಸ ನಡೆಯುವುದು ಹಿರಿಯರು ಇರಿಸಿದ ಒಂದು ದತ್ತಿಯಿಂದ. ದತ್ತಿ ಇಡುವ ರೂಢಿ ನಮ್ಮ ನೆಲದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ರಾಜನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದನು. ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆಗಳಿದ್ದವು. ಶಾಲೆಯ ಖರ್ಚಿಗೆ ಭೂಮಿ ಬಿಟ್ಟುಕೊಟ್ಟಿದ್ದಲ್ಲದೆ, ಊರವರು ಮದುವೆಗೆ ಇಷ್ಟು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಎಂದು ಹಣ ಸಲ್ಲಿಸಬೇಕೆಂದು ಗೊತ್ತುಮಾಡಿದ್ದರು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ದತ್ತಿಗೆ ಬಿಟ್ಟ ಸುಂಕಗಳ ಹೆಸರುಗಳು ಅನೇಕ ಶಾಸನಗಳಲ್ಲಿ ಸಿಗುತ್ತವೆ. ಬಸವಣ್ಣನವರ ಕಾಲದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದ. ಸುಂಕ ವಸೂಲಿಯೇ ಅವನ ಕಾಯಕ. ಎದುರಿಗೆ ಬಂದದ್ದನ್ನು ಗುರುತಿಸಿ, ಅದಕ್ಕೊಂದು ಸಾಲು ಗೊತ್ತುಮಾಡಿ, ಆ ಸಾಲಿನ ದರ ಎತ್ತುವುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದ ವಿದ್ಯೆ.

ಇಂದು ನಾನು ಮಾತಾಡುವುದು ಅದೇ ವಿದ್ಯೆಯ ಈಗಿನ ರೂಪದ ಬಗ್ಗೆ. ಉದಾಹರಣೆಗೆ ಆರಿಸಿಕೊಂಡಿರುವ ಸರಕು ಉಕ್ಕಿನ ರೈಲು ಹಳಿ. ಹೋಟಗಿಯಿಂದ ಗದಗಿಗೆ ಹೋಗುವ ಮಾರ್ಗ ಭೀಮೆಯನ್ನು ದಾಟಿ ಲಚ್ಯಾಣ, ಇಂಡಿ ರೋಡ್, ನಿಂಬಾಳದ ಮೇಲೆ ವಿಜಯಪುರಕ್ಕೆ ಬರುತ್ತದೆ. ಅಲ್ಲಿಂದ ಮುಳವಾಡ, ಕೂಡಗಿ, ಬಸವನ ಬಾಗೇವಾಡಿ ರೋಡ್, ವಂದಾಲ, ಆಲಮಟ್ಟಿ ಹಾಯ್ದು ಕೃಷ್ಣೆಯನ್ನು ದಾಟುತ್ತದೆ. ಈ ಕಬ್ಬಿಣವನ್ನು ನಾವು ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ. ಅದು ಯಾವ ದೇಶದ್ದು, ಯಾವ ಸುಂಕ ತೆತ್ತು ಬಂತು, ಏಕೆ ನಮ್ಮಲ್ಲಿ ತಯಾರಾಗಲಿಲ್ಲ, ಮುಂದೆ ಹೇಗೆ ತಯಾರಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಸುಂಕದ ಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ಓದಲು ಬಂದ ಜನ ತಮ್ಮ ಸರಕಿಗೆ ತಾವೇ ಬೆಲೆ ಕಟ್ಟಬಲ್ಲರು ಎಂಬುದು ನನ್ನ ಮಾತಿನ ತಿರುಳು.

ಬರದ ನಾಡಿಗೆ ಬಂದ ಹಳಿ

1876ರಿಂದ 1878ರವರೆಗಿನ ಬರ ನಮ್ಮ ಜಿಲ್ಲೆಯನ್ನು ಹಣ್ಣುಮಾಡಿತು. 1880ರಲ್ಲಿ ವರದಿ ಕೊಟ್ಟ ಬರಗಾಲದ ಆಯೋಗ, ಧಾನ್ಯ ಬೇಗ ಸಾಗುವಂತೆ ಬರಪೀಡಿತ ಸೀಮೆಗಳಿಗೆ ರೈಲು ಹಾಕಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಧಾರವಾಡ ಅದರ ಕೇಂದ್ರವಾಯಿತು. ಹೋಟಗಿ–ಗದಗ ಮೀಟರ್ ಗೇಜ್ ಮಾರ್ಗ 1884ರಲ್ಲಿ ತೆರೆಯಿತು. ಮರುವರ್ಷವೇ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂತು.

ಆಗ ಭಾರತದಲ್ಲಿ ಉಕ್ಕಿನ ಹಳಿ ತಯಾರಿಸುವ ಒಂದು ಕಾರ್ಖಾನೆಯೂ ಇರಲಿಲ್ಲ. ಹಳಿ, ಸೇತುವೆಯ ತೊಲೆ, ಎಂಜಿನ್ ಎಲ್ಲವೂ ಹಡಗಿನಲ್ಲಿ ಬರಬೇಕಿತ್ತು. ಇಲ್ಲಿ ಒಂದು ದಿನಾಂಕವನ್ನು ನೆನಪಿಡಬೇಕು. 1882ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಉಪ್ಪು, ಮದ್ಯದಂಥ ಕೆಲವನ್ನು ಬಿಟ್ಟು ಉಳಿದೆಲ್ಲ ಸರಕಿನ ಆಮದು ಸುಂಕವನ್ನು ತೆಗೆದುಹಾಕಿತು. ಕಂಪನಿ ಹುಟ್ಟಿದ ವರ್ಷವೂ ಸುಂಕ ಹೋದ ವರ್ಷವೂ ಒಂದೇ. ನಮ್ಮ ಎರೆ ಹೊಲಗಳ ನಡುವೆ ಮಲಗಿದ ಮೊದಲ ಹಳಿ ಸುಂಕವಿಲ್ಲದ ಕಾಲದ ಹಳಿ.

ಇದರಿಂದ ಮಾರ್ಗ ಅಗ್ಗವಾಗಿ ಆಯಿತು, ಬೇಗ ಆಯಿತು. ಬರದ ಬಾಯಿಗೆ ಬಿದ್ದ ನಾಡಿಗೆ ಅದು ಸಣ್ಣ ಲಾಭವಲ್ಲ. ಆದರೆ ಸಾವಿರಾರು ಮೈಲಿ ಹಳಿ ಕೊಳ್ಳುವ ದೇಶ ಒಂದು ಗಜ ಹಳಿಯನ್ನೂ ಮಾಡಲು ಕಲಿಯಲಿಲ್ಲ. ಬರಕ್ಕೆ ಪರಿಹಾರವಾಗಿ ಬಂದ ಕೆಲಸದಲ್ಲಿ ಮಣ್ಣು ಹೊತ್ತ ಕೂಲಿ ನಮ್ಮವರಿಗೆ ಸಿಕ್ಕಿತು. ಉಕ್ಕು ಕಾಯಿಸಿದ ಕೂಲಿ, ಅದರ ಲಾಭ, ಅದರ ಕಸುಬು ಬ್ರಿಟನ್ನಿನಲ್ಲಿ ಉಳಿಯಿತು.

ಸುಂಕ ಮರಳಿ ಬಂದ ಬಗೆ

1894ರಲ್ಲಿ ಖಜಾನೆ ಬರಿದಾದಾಗ ಸರ್ಕಾರ ಮತ್ತೆ ಆಮದು ಸುಂಕ ಹಾಕಿತು. ಸಾಮಾನ್ಯ ದರ ಶೇ 5, ಕಬ್ಬಿಣ ಮತ್ತು ಉಕ್ಕಿಗೆ ಶೇ 1. ರೈಲ್ವೆ ಸಾಮಗ್ರಿಗೆ ಮಾತ್ರ ಪೂರ್ತಿ ವಿನಾಯಿತಿ. ಒಂದೇ ಉಕ್ಕು ಸರಳಾಗಿ ಬಂದರೆ ಸುಂಕ, ಹಳಿಯಾಗಿ ಬಂದರೆ ಇಲ್ಲ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ರೈಲ್ವೆ ಸಾಮಗ್ರಿಗೂ ಶೇ 2.5 ಸುಂಕ ಬಂತು; 1922ರಲ್ಲಿ ಅದು ಶೇ 10ಕ್ಕೆ ಏರಿತು. ಇವೆಲ್ಲ ಬೊಕ್ಕಸ ತುಂಬಲು ಹಾಕಿದ ಸುಂಕಗಳು. ದೇಶದ ಕಾರ್ಖಾನೆಯನ್ನು ಉಳಿಸಲು ಹಾಕಿದ ಸುಂಕ 1924ರಲ್ಲಿ ಬಂತು.

ಅದರ ಹಿಂದಿನ ಕಥೆ ಹೀಗಿದೆ. ಟಾಟಾ ಉಕ್ಕು ಕಂಪನಿ 1907ರಲ್ಲಿ ಸ್ಥಾಪನೆಯಾಗಿ 1912ರಲ್ಲಿ ಉಕ್ಕು ತೆಗೆಯಿತು. ಹತ್ತು ವರ್ಷ, ವರ್ಷಕ್ಕೆ 20,000 ಟನ್ ಹಳಿಯನ್ನು ಆಮದಿನ ಬೆಲೆಗೇ ಕೊಳ್ಳುವುದಾಗಿ ರೈಲ್ವೆ ಮಂಡಳಿ ಮಾತು ಕೊಟ್ಟಿತ್ತು. ಆ ಮಾತಿನ ಬಲವೂ ಕಾರ್ಖಾನೆಯ ಬೆನ್ನಿಗಿತ್ತು. ಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ ಹೋದ ಹಳಿಯಲ್ಲಿ ದೊಡ್ಡ ಪಾಲು ಈ ಕಾರ್ಖಾನೆಯದು. ಯುದ್ಧ ಮುಗಿದ ಮೇಲೆ ಯುರೋಪಿನ ಅಗ್ಗದ ಉಕ್ಕು ನುಗ್ಗಿ ಕಾರ್ಖಾನೆ ಮುಳುಗುವ ಹಂತಕ್ಕೆ ಬಂತು. 1923ರಲ್ಲಿ ನೇಮಕವಾದ ಸುಂಕ ಮಂಡಳಿ ಮೊದಲು ಕೈಗೆತ್ತಿಕೊಂಡದ್ದು ಉಕ್ಕಿನ ವಿಚಾರಣೆಯನ್ನು. ಜಾರ್ಜ್ ರೈನಿ ಅದರ ಅಧ್ಯಕ್ಷರು, ಪಿ.ಪಿ. ಗಿನ್ವಾಲಾ ಮತ್ತು ಪುಣೆಯ ಅರ್ಥಶಾಸ್ತ್ರಜ್ಞ ವಿ.ಜಿ. ಕಾಳೆ ಸದಸ್ಯರು.

ಆ ಮಂಡಳಿಯ ಸಲಹೆಯಂತೆ ಬಂದ 1924ರ ಉಕ್ಕು ಉದ್ಯಮ ಸಂರಕ್ಷಣಾ ಕಾಯ್ದೆ ಹಳಿಯನ್ನು ತೂಕದ ಮೇಲೆ ಎರಡಾಗಿ ಒಡೆಯಿತು. ಗಜಕ್ಕೆ 30 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ತೂಗುವ ಹಳಿಗೆ ಟನ್ನಿಗೆ 14 ರೂಪಾಯಿ ಸುಂಕ. ಅದಕ್ಕಿಂತ ಹಗುರಾದ ಹಳಿಗೆ ಟನ್ನಿಗೆ 40 ರೂಪಾಯಿ. ಗಣಿ, ಕಾರ್ಖಾನೆಗಳ ತಳ್ಳುಬಂಡಿಗೆ ಬೇಕಾದ ಹಗುರ ಹಳಿಯನ್ನು ಸಾಮಾನ್ಯ ಉಕ್ಕಿನ ಸರಳಿನ ದರಕ್ಕೇ ಸೇರಿಸಿದರು. ರೈಲ್ವೆಯ ಭಾರದ ಹಳಿಗೆ ಮಾತ್ರ ಬೇರೆ ಲೆಕ್ಕ. ಏಕೆಂದರೆ ಟಾಟಾ ಕಂಪನಿ ರೈಲ್ವೆಗಳೊಡನೆ ಮೊದಲೇ ಕಡಿಮೆ ಬೆಲೆಗೆ ದೀರ್ಘ ಕರಾರು ಮಾಡಿಕೊಂಡಿತ್ತು. ಪರದೇಶದ ಹಳಿಗೆ ಎಷ್ಟೇ ಸುಂಕ ಹಾಕಿದರೂ ಕರಾರಿನ ಬೆಲೆ ಏರುವಂತಿರಲಿಲ್ಲ. ಆದ್ದರಿಂದ ಸರ್ಕಾರ ನೇರವಾಗಿ ಬೌಂಟಿ, ಅಂದರೆ ಸಹಾಯಧನ, ಕೊಟ್ಟಿತು: 1924–25ರಲ್ಲಿ ಟನ್ನಿಗೆ 32 ರೂಪಾಯಿ, ಮರುವರ್ಷ 26, ಅದರ ಮರುವರ್ಷ 20.

ವಾಣಿಜ್ಯ ಓದುವ ವಿದ್ಯಾರ್ಥಿಗಳು ಈ ಮೂರು ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನೆರವು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ; ಎಂದು ನಿಲ್ಲುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಕಾರ್ಖಾನೆ ತನ್ನ ಕಾಲ ಮೇಲೆ ನಿಲ್ಲಲು ಗಡುವು ಹಾಕಿಕೊಟ್ಟ ನೆರವು ಅದು. ರೈತನಿಗಾಗಲಿ ಉದ್ಯಮಕ್ಕಾಗಲಿ ಸಂರಕ್ಷಣೆ ಬೇಕೆಂದು ನಾವು ಇಂದು ಕೇಳುವಾಗಲೂ ಇದೇ ಅಳತೆಯಲ್ಲಿ ಕೇಳಬೇಕು: ಎಷ್ಟು, ಎಷ್ಟು ದಿನ, ಏತಕ್ಕಾಗಿ.

ಇಂದಿನ ಪಟ್ಟಿ

ಈಗ ಜಗತ್ತಿನ 200ಕ್ಕೂ ಹೆಚ್ಚು ದೇಶ, ಪ್ರದೇಶಗಳು ಒಂದೇ ಸರಕುಪಟ್ಟಿಯನ್ನು ಬಳಸುತ್ತವೆ. ಅದಕ್ಕೆ ಹಾರ್ಮೊನೈಸ್ಡ್ ಸಿಸ್ಟಂ ಎಂದು ಹೆಸರು. ವ್ಯಾಪಾರಸ್ಥರ ಬಾಯಲ್ಲಿ ಎಚ್‌ಎಸ್ ಕೋಡ್. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಘಟನೆ ಅದನ್ನು ನೋಡಿಕೊಳ್ಳುತ್ತದೆ. ಒಪ್ಪಂದ 1983ರಲ್ಲಿ ಆಯಿತು, 1988ರ ಜನವರಿ 1ರಿಂದ ಜಾರಿಗೆ ಬಂತು. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕು ಅಂಕಿಗೆ ಶೀರ್ಷಿಕೆ, ಆರಕ್ಕೆ ಉಪಶೀರ್ಷಿಕೆ. ಆರು ಅಂಕಿಯವರೆಗೆ ಎಲ್ಲ ದೇಶಕ್ಕೂ ಒಂದೇ. ಆಚೆಗೆ ಆಯಾ ದೇಶದ ವಿಂಗಡಣೆ. ಭಾರತದಲ್ಲಿ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಅನುಸೂಚಿ ಎಂಟು ಅಂಕಿಯವರೆಗೆ ಹೋಗುತ್ತದೆ.

ಇಂಡಿ ರೋಡ್ ನಿಲ್ದಾಣದ ಹತ್ತಿರ ಒಂದು ಮೀಟರ್ ಮಾರ್ಗವನ್ನು ಬಿಡಿಬಿಡಿಯಾಗಿ ನೋಡೋಣ. ಉಕ್ಕಿನ ಹಳಿ 73ನೆಯ ಅಧ್ಯಾಯದ 7302ಕ್ಕೆ ಸೇರುತ್ತದೆ. ಉಪಶೀರ್ಷಿಕೆ 7302 10. ಹಳಿಗೆ ಹಳಿ ಜೋಡಿಸುವ ಫಿಶ್‌ಪ್ಲೇಟ್ 7302 40. ದಾರಿ ಬದಲಿಸುವ ಪಾಯಿಂಟು, ಕ್ರಾಸಿಂಗು 7302 30. ಹಳಿಯನ್ನು ಹಿಡಿದಿಡುವ ಕ್ಲಿಪ್ಪು 7302 90. ಆದರೆ ಬೋಲ್ಟು, ನಟ್ಟು ಹಳಿಗೇ ಬಿಗಿದಿದ್ದರೂ 7318ಕ್ಕೆ ಹೋಗುತ್ತವೆ. ಕಾಂಕ್ರೀಟಿನ ಸ್ಲೀಪರ್ 6810, ಹಳೆಯ ಕಾಲದ ಮರದ ಸ್ಲೀಪರ್ 4406. ಕೆಳಗೆ ಹಾಸಿದ ಜಲ್ಲಿಕಲ್ಲು 2517. ಹಳಿಯನ್ನು ಸ್ಲೀಪರಿಗೆ ಬಿಗಿದು, ಜೋಡಿಸಿದ ಚೌಕಟ್ಟನ್ನೇ ಆಮದು ಮಾಡಿಕೊಂಡರೆ ಅದು 7302ನ್ನು ಬಿಟ್ಟು 86ನೆಯ ಅಧ್ಯಾಯದ 8608ಕ್ಕೆ ಏರುತ್ತದೆ. ಅದರ ಮೇಲೆ ಓಡುವ ಗಾಲಿ 8607. ಗಾಲಿಗೂ ಹಳಿಗೂ ತಾಗುವ ಜಾಗ ಬೆರಳಿನ ಉಗುರಿನಷ್ಟು. ಪಟ್ಟಿಯಲ್ಲಿ ನಡುವೆ ಹದಿಮೂರು ಅಧ್ಯಾಯಗಳ ದೂರ.

ಈ ವಿಂಗಡಣೆಗೆ ಕಾರಣವಿದೆ. ಪಟ್ಟಿ ವಸ್ತುವಿನ ಮೂಲದ್ರವ್ಯ, ಅದರ ಮೇಲೆ ನಡೆದ ಕೆಲಸ, ಅದರ ಉಪಯೋಗ ಈ ಮೂರನ್ನೂ ನೋಡುತ್ತದೆ. ಹಳಿಯಲ್ಲಿ ಆಕಾರವೇ ಮುಖ್ಯ. ರೈಲ್ವೆ ಅಥವಾ ಟ್ರಾಮಿಗೆ ಬಳಸುವ ಮಾದರಿಯ ಹಳಿಯಾದರೆ, ಅದನ್ನು ಕಾರ್ಖಾನೆಯ ಕ್ರೇನು ಓಡಿಸಲು ತಂದರೂ 7302ರಲ್ಲೇ ಇರುತ್ತದೆ. ಜಾರುಬಾಗಿಲಿನ ಹಳಿ, ಲಿಫ್ಟಿನ ಹಳಿ ರೈಲ್ವೆ ಮಾದರಿಯವಲ್ಲ. ಅವಕ್ಕೆ ಇಲ್ಲಿ ಜಾಗವಿಲ್ಲ. ಬಾಯಿಮಾತಿನಲ್ಲಿ ಎಲ್ಲವೂ ಹಳಿಯೇ. ಸುಂಕದ ಅಧಿಕಾರಿ ಅಡ್ಡಕೊಯ್ತ ನೋಡುತ್ತಾನೆ, ತಲೆ, ನಡು, ಪಾದ ನೋಡುತ್ತಾನೆ, ಮೀಟರಿನ ತೂಕ ನೋಡುತ್ತಾನೆ.

ಹಳೆಯ ಹಳಿಗೆ ಯಾವ ಸಾಲು

ನಮ್ಮ ಮಾರ್ಗ ಈ ಶತಮಾನದ ಮೊದಲ ದಶಕದಲ್ಲಿ ಪೂರ್ತಿ ಬ್ರಾಡ್‌ಗೇಜ್ ಆಯಿತು. ಮೀಟರ್ ಗೇಜಿನ ಹಗುರ ಹಳಿ ಕಿತ್ತು ಬಂತು. ಹಳೆಯ ಹಳಿ ವಿದ್ಯುತ್ ಕಂಬವಾಗಿ, ಪತ್ರಾಸು ಶೆಡ್ಡಿನ ತೊಲೆಯಾಗಿ, ಬೇಲಿಯ ಗೂಟವಾಗಿ ದುಡಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಇಂಥ ಹಳೆಯ ಹಳಿ ಒಂದು ದೇಶದಿಂದ ಇನ್ನೊಂದಕ್ಕೆ ಹೋದರೆ ಅದು ಹಳಿಯೊ, ಗುಜರಿಯೊ?

ಗುಜರಿ ಉಕ್ಕಿಗೆ 7204 ಎಂಬ ಬೇರೆ ಶೀರ್ಷಿಕೆ ಇದೆ. ಸವೆದಿದೆ, ತುಕ್ಕು ಹಿಡಿದಿದೆ ಎಂಬ ಕಾರಣಕ್ಕೇ ಹಳಿ ಅಲ್ಲಿಗೆ ಹೋಗುವುದಿಲ್ಲ. ಕರಗಿಸದೆಯೇ ಮತ್ತೆ ಬಳಸಲು ಬರುವಂತಿದ್ದರೆ, ಗಣಿಯ ಸುರಂಗಕ್ಕೆ ಆನಿಕೆಯಾಗಿ ಕೊಡಲು ಬರುವಂತಿದ್ದರೆ, ಕಾಯಿಸಿ ಉರುಳಿಸಿ ಬೇರೆ ಸರಳು ತೆಗೆಯಲು ಬರುವಂತಿದ್ದರೆ ಅದು ಗುಜರಿಯಲ್ಲ ಎಂದು ಎಚ್‌ಎಸ್ ವಿವರಣೆಗಳು ಸ್ಪಷ್ಟವಾಗಿ ಹೇಳುತ್ತವೆ. ಕರಗಿಸಿ ಲೋಹ ತೆಗೆಯುವುದೊಂದೇ ದಾರಿ ಉಳಿದಾಗ ಅದು ಗುಜರಿ. ವಸ್ತುವಿಗೆ ಇನ್ನೂ ಕೆಲಸವಿದೆಯೆ ಎಂದು ಕೇಳಿ ತೀರ್ಮಾನಿಸುವ ಈ ನಿಯಮ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ವ್ಯಾಪಾರದಲ್ಲಿ ಮೋಸ ನುಸುಳುವ ಸಂದೂ ಇದೇ. ಎರಡು ಸಾಲಿನ ದರ ಬೇರೆಯಿದ್ದರೆ ಒಳ್ಳೆಯ ಹಳಿಯನ್ನು ಗುಜರಿಯೆಂದು ಬರೆಯುವ ಆಸೆ ಹುಟ್ಟುತ್ತದೆ. ಅದಕ್ಕೇ ಕಾಗದದ ಮೇಲಿನ ಹೆಸರು ಸಾಲದು, ಸರಕನ್ನೇ ನೋಡಬೇಕು.

ಯಾರು ತೀರ್ಮಾನಿಸುತ್ತಾರೆ

2011ರಿಂದ ಭಾರತದಲ್ಲಿ ಆಮದುದಾರನೂ ರಫ್ತುದಾರನೂ ತನ್ನ ಸರಕಿನ ವರ್ಗೀಕರಣವನ್ನು ತಾನೇ ಘೋಷಿಸಬೇಕು. ತಪ್ಪಿದರೆ ವ್ಯತ್ಯಾಸದ ಸುಂಕ, ಬಡ್ಡಿ, ದಂಡ. ಸಂಶಯವಿದ್ದರೆ ಸರಕು ತರಿಸುವ ಮೊದಲೇ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಉತ್ತರ ಪಡೆಯಬಹುದು. ಮುಂಬಯಿ, ದೆಹಲಿಗಳಲ್ಲಿ ಅದರ ಪೀಠಗಳಿವೆ. ಸಣ್ಣ ವ್ಯಾಪಾರಿಗೆ ಇದೊಂದು ದೊಡ್ಡ ಆಸರೆ. ನಮ್ಮ ಕಡೆ ಇದನ್ನು ತಿಳಿದವರು ಕಡಿಮೆ.

ವಿವಾದ ಎಷ್ಟು ದೂರ ಹೋಗಬಹುದೆಂಬುದಕ್ಕೆ ವೆಸ್ಟಿಂಗ್‌ಹೌಸ್ ಸಾಕ್ಸ್‌ಬಿ ಫಾರ್ಮರ್ ಕಂಪನಿಯ ಮೊಕದ್ದಮೆ ಸಾಕ್ಷಿ. ರೈಲ್ವೆ ಸಿಗ್ನಲ್ಲಿಗೆ ಬಳಸುವ ರಿಲೇ ಎಂಬ ಉಪಕರಣ 8608ರ ಸಿಗ್ನಲ್ ಸಲಕರಣೆಯೊ, 8536ರ ವಿದ್ಯುತ್ ಸಾಮಗ್ರಿಯೊ ಎಂಬುದು ಅಲ್ಲಿನ ಪ್ರಶ್ನೆ. ಅಬಕಾರಿ ಇಲಾಖೆ 8536 ಎಂದಿತು, ಕಂಪನಿ 8608 ಎಂದಿತು. ಸುಪ್ರೀಂ ಕೋರ್ಟು 2021ರ ಮಾರ್ಚಿನಲ್ಲಿ ಕಂಪನಿಯ ವಾದವನ್ನು ಎತ್ತಿಹಿಡಿಯಿತು. ರೈಲ್ವೆ ಸಿಗ್ನಲ್ಲಿಗೆಂದೇ ಆದ ವಸ್ತು ಅಲ್ಲಿಗೇ ಸೇರಬೇಕೆಂದಿತು. ನಾಲ್ಕು ಅಂಕಿಗಳಿಗಾಗಿ ದೇಶದ ಅತ್ಯುನ್ನತ ನ್ಯಾಯಾಲಯದ ಬಾಗಿಲವರೆಗೆ ಹೋಗಬೇಕಾಯಿತು ಎಂದರೆ ಆ ಅಂಕಿಗಳ ತೂಕ ತಿಳಿಯುತ್ತದೆ.

ಹಳಿಯ ದೊಡ್ಡ ಸಂತೆ

ಸ್ವಾತಂತ್ರ್ಯ ಬಂದ ಮೇಲೆ ಹಳಿಯ ಹೊಣೆ ಭಿಲಾಯಿ ಹೊತ್ತಿತು. ಅಲ್ಲಿನ ಹಳಿ ಗಿರಣಿ 1960ರಲ್ಲಿ ಆರಂಭವಾಯಿತು. ದಶಕಗಳ ಕಾಲ ರೈಲ್ವೆಗೆ ಹಳಿ ಕೊಟ್ಟದ್ದು ಹೆಚ್ಚುಕಡಿಮೆ ಅದೊಂದೇ. ಮಾರ್ಗಗಳ ಕೆಲಸ ಹೆಚ್ಚಿ ಭಿಲಾಯಿಯ ಹಳಿ ಸಾಲದೆ ಹೋದಾಗ ರೈಲ್ವೆ 2017ರಲ್ಲಿ ಜಾಗತಿಕ ಟೆಂಡರು ಕರೆಯಿತು. ಪರದೇಶದ ಕಂಪನಿಗಳೂ ಬಂದವು. ಆದರೆ ಅದೇ ವರ್ಷ ಕೇಂದ್ರ ಸರ್ಕಾರ ದೇಶೀಯ ಉಕ್ಕಿಗೆ ಆದ್ಯತೆ ಕೊಡುವ ನೀತಿ ತಂದಿತ್ತು. 2018ರಲ್ಲಿ ಸುಮಾರು 1 ಲಕ್ಷ ಟನ್ನಿನ ಆರ್ಡರು ಛತ್ತೀಸಗಡದ ರಾಯಗಡದಲ್ಲಿ ಗಿರಣಿ ಇರುವ ಜಿಂದಾಲ್ ಕಂಪನಿಗೆ ಹೋಯಿತು. ಅದೇ ಗಿರಣಿಯ ಹಳಿ ಇರಾನಿಗೂ ರಫ್ತಾಗಿದೆ. 1884ರಲ್ಲಿ ಒಂದು ಗಜವನ್ನೂ ಮಾಡದಿದ್ದ ದೇಶ ಈಗ ಮಾರುವ ದೇಶ.

ಈ ಬದಲಾವಣೆಯ ಅಳತೆ ನಮ್ಮ ಮಾರ್ಗದಲ್ಲೇ ಸಿಗುತ್ತದೆ. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಬಂದಾಗ ಕಲ್ಲಿದ್ದಲು ತರಲು ಒಂದೇ ಸಾಲಿನ ಮಾರ್ಗ ಸಾಲದಾಯಿತು. ಹೋಟಗಿ–ಕೂಡಗಿ–ಗದಗ ನಡುವಿನ 284 ಕಿ.ಮೀ. ಜೋಡಿ ಮಾರ್ಗದ ಕೆಲಸ ಹಾಗೆ ಹುಟ್ಟಿತು. ಮೀಟರಿಗೆ 60 ಕಿಲೊ ತೂಗುವ ಹಳಿಯಾದರೆ ಒಂದು ಕಿಲೊಮೀಟರ್ ಮಾರ್ಗದ ಎರಡು ಸಾಲಿಗೆ 120 ಟನ್ ಬೇಕು; 284 ಕಿಲೊಮೀಟರಿಗೆ ಸುಮಾರು 34,000 ಟನ್. ಒಂದು ಕಾಲಕ್ಕೆ ರೈಲ್ವೆ ಮಂಡಳಿ ಟಾಟಾ ಕಾರ್ಖಾನೆಗೆ ಒಪ್ಪಿದ್ದ ಇಡೀ ವರ್ಷದ ಖರೀದಿಗಿಂತ ಇದು ಹೆಚ್ಚು.

ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಬಳ್ಳಾರಿ, ಹೊಸಪೇಟೆಯ ಅದಿರು ವರ್ಷಾನುವರ್ಷ ಹಡಗೇರಿ ಹೋಯಿತು. ಅದಿರಿನ ಶೀರ್ಷಿಕೆ 2601. ರಾಜ್ಯ ಸರ್ಕಾರ 2010ರಲ್ಲಿ ಅದಿರು ರಫ್ತಿಗೆ ತಡೆ ಹಾಕುವಷ್ಟರಲ್ಲಿ ಬೆಟ್ಟಗಳೇ ಕರಗಿದ್ದವು. 2601ರಿಂದ 7302ರವರೆಗಿನ ದಾರಿಯಲ್ಲಿ ಪ್ರತಿ ಮೆಟ್ಟಿಲೂ ಕೂಲಿ, ಪ್ರತಿ ಮೆಟ್ಟಿಲೂ ಕಸುಬು. ಆ ಮೆಟ್ಟಿಲುಗಳನ್ನು ನಾವು ಬೇರೆಯವರಿಗೆ ಬಿಟ್ಟುಕೊಟ್ಟೆವು. ಕರ್ನಾಟಕದ ನೆಲದಲ್ಲಿ ಏನಾಗಬಲ್ಲದು ಎಂಬುದಕ್ಕೆ 1984ರಲ್ಲಿ ಯಲಹಂಕದಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆ ನಿದರ್ಶನ. ಪರದೇಶದಿಂದ ಬರುತ್ತಿದ್ದ ಗಾಲಿ, ಅಚ್ಚು ಅಂದಿನಿಂದ ಇಲ್ಲೇ ತಯಾರಾಗಿ ದೇಶವೆಲ್ಲ ಓಡುತ್ತಿವೆ.

ಮಾರುವ ದೇಶಕ್ಕೆ ಹೊಸ ಕಷ್ಟಗಳೂ ಇವೆ. 2018ರಲ್ಲಿ ಅಮೆರಿಕ ಉಕ್ಕಿನ ಮೇಲೆ ಶೇ 25 ಸುಂಕ ಹಾಕಿದಾಗ ಅದರ ಪಟ್ಟಿಯಲ್ಲಿ ಹಳಿಯೂ ಇತ್ತು. ಯುರೋಪಿನ ಒಕ್ಕೂಟ ಸರಕು ತಯಾರಿಸುವಾಗ ಹೊರಬಿದ್ದ ಇಂಗಾಲದ ಲೆಕ್ಕ ಕೇಳುತ್ತಿದೆ: 2023ರ ಅಕ್ಟೋಬರಿನಿಂದ ವರದಿ, 2026ರ ಜನವರಿಯಿಂದ ಆಮದಾಗುವ ಸರಕಿಗೆ ಹಣ. 7302 ಆ ಪಟ್ಟಿಯಲ್ಲೂ ಇದೆ. ಕಲ್ಲಿದ್ದಲಿನಿಂದ ಉಕ್ಕು ತೆಗೆಯುವ ನಮ್ಮ ಕಾರ್ಖಾನೆಗಳು ಇನ್ನು ಟನ್ನಿನ ಜೊತೆಗೆ ಹೊಗೆಯನ್ನೂ ತೂಗಬೇಕು.

ನಮ್ಮ ನಾಲ್ಕು ತಾಲ್ಲೂಕಿನ ಕೆಲಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳಲ್ಲಿ ಇಂಡಿ, ಬಸವನ ಬಾಗೇವಾಡಿಗಳ ನಿಲ್ದಾಣ ಊರಿನಿಂದ ದೂರ. ಅದಕ್ಕೇ ಹೆಸರಿನ ಮುಂದೆ ‘ರೋಡ್’ ಎಂದಿದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಹಳಿಯೇ ಬಂದಿಲ್ಲ. ಸಿಂದಗಿಯ ಮೇಲೆ ಶಹಾಬಾದಿಗೆ, ಮುದ್ದೇಬಿಹಾಳ, ತಾಳಿಕೋಟಿಯ ಮೇಲೆ ಯಾದಗಿರಿಗೆ ಮಾರ್ಗ ಬೇಕೆಂಬ ಬೇಡಿಕೆ ತುಂಬ ಹಳೆಯದು. ನೂರು ಕಿಲೊಮೀಟರ್ ಮಾರ್ಗಕ್ಕೆ 12,000 ಟನ್ ಹಳಿ ಸಾಕು. ಅದನ್ನು ಇಂದು ಹಡಗಿನಲ್ಲಿ ತರಿಸಬೇಕಿಲ್ಲ, ಯಾರ ಸುಂಕಕ್ಕೂ ಕಾಯಬೇಕಿಲ್ಲ. ಬೇಡಿಕೆ ಸಲ್ಲಿಸುವಾಗ ಈ ಲೆಕ್ಕವನ್ನೂ, ಆ ಹಳಿಯ ಮೇಲೆ ಹೋಗಲಿರುವ ತೊಗರಿ, ಹತ್ತಿ, ಕಬ್ಬಿನ ಲೆಕ್ಕವನ್ನೂ ಜೊತೆಗಿಟ್ಟು ಕೇಳೋಣ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆ 2025ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ರಫ್ತಾಯಿತು. ಪಟ್ಟಿಯಲ್ಲಿ ಲಿಂಬೆಯ ಜಾಗ 0805 50. ವಿಜಯಪುರದ ಒಣದ್ರಾಕ್ಷಿಯದು 0806 20. ಹಳಿಗೆ ಹೇಗೆ ಅಡ್ಡಕೊಯ್ತವೊ ಹಾಗೆ ಹಣ್ಣಿಗೆ ತಾಜಾ, ಒಣ, ರಸ, ಉಪ್ಪಿನಕಾಯಿ ಎಂಬ ಭೇದ. ತಾಜಾ ಮತ್ತು ಒಣ ಹಣ್ಣು 8ನೆಯ ಅಧ್ಯಾಯ, ರಸ ಮತ್ತು ಉಪ್ಪಿನಕಾಯಿ 20ನೆಯದು; ಕೊಳ್ಳುವ ದೇಶದಲ್ಲಿ ಸುಂಕವೂ ಬೇರೆ ಬೇರೆ ಇರಬಹುದು. ಲಿಂಬೆಯನ್ನು ಹಣ್ಣಾಗಿ ಮಾರಬೇಕೊ, ರಸವಾಗಿ ಮಾರಬೇಕೊ ಎಂದು ತೀರ್ಮಾನಿಸುವ ರೈತ ಸಂಘ ಮೊದಲು ಆ ಸಾಲುಗಳನ್ನು ಓದಬೇಕು.

ಅದಕ್ಕೆ ಸುಂಕದ ಪಟ್ಟಿ ಕನ್ನಡದಲ್ಲಿ ಬೇಕು. ಇಡೀ ಪಟ್ಟಿ ಒಮ್ಮೆಗೆ ಆಗದಿದ್ದರೆ ನಮ್ಮ ಜಿಲ್ಲೆಯ ಬೆಳೆಗಳ ಅಧ್ಯಾಯಗಳಿಂದ ಶುರುವಾಗಲಿ. ನಾಲ್ಕು ತಾಲ್ಲೂಕಿನ ಪದವಿ ಕಾಲೇಜುಗಳ ವಾಣಿಜ್ಯ ವಿಭಾಗಗಳು ಒಂದೊಂದು ಅಧ್ಯಾಯ ಹಂಚಿಕೊಳ್ಳಲಿ. ಎಪಿಎಂಸಿಯ ವ್ಯಾಪಾರಸ್ಥರು ರೂಢಿಯ ಹೆಸರುಗಳನ್ನು ಕೊಡಲಿ. ಎಚ್‌ಎಸ್ ವರ್ಗೀಕರಣದ ಆರು ನಿಯಮಗಳನ್ನು ಬಿ.ಕಾಂ. ತರಗತಿಯಲ್ಲಿ ನಿಜವಾದ ಸರಕು ಮುಂದಿಟ್ಟು ಕಲಿಸಲಿ. ಈ ದತ್ತಿಯ ಮುಂದಿನ ವರ್ಷದ ಉಪನ್ಯಾಸದ ಹೊತ್ತಿಗೆ ಮೊದಲ ಅಧ್ಯಾಯ ಅಚ್ಚಾಗಿ ಇದೇ ವೇದಿಕೆಯಲ್ಲಿ ಬಿಡುಗಡೆಯಾಗಬೇಕೆಂದು ನಿಮ್ಮೆಲ್ಲರನ್ನೂ ಕೇಳಿಕೊಳ್ಳುತ್ತೇನೆ. ಅಧ್ಯಾಪಕ ಬಂಧುಗಳು ಹೊತ್ತುಕೊಂಡರೆ ಲಿಂಬೆಯ ಅಧ್ಯಾಯದ ಕರಡನ್ನು ನಾನು ಬರೆದುಕೊಡುತ್ತೇನೆ.